ಎಂಟು ಹಾಕುವ ಮುನ್ನ: ಟೂ ವೀಲರ್ ಡಿಎಲ್ ಟೆಸ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ನಮ್ಮ ಮನೆ ಹತ್ತಿರ ಒಂದು ಖಾಲಿ ಮೈದಾನ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿ ಅಕ್ಕಪಕ್ಕದವರಿಗೆ ಗಾಡಿ ಕಲಿಸುತ್ತೇನೆ. ಬರುವವರಲ್ಲಿ ಹೆಂಗಸರೇ ಜಾಸ್ತಿ. ಕಾಲೇಜು ಮಕ್ಕಳೂ ಬರುತ್ತಾರೆ. ವರ್ಷಗಟ್ಟಲೆ ಹಾಗೇ ಓಡಿಸಿ, ಈಗ ಲೈಸೆನ್ಸ್ ಮಾಡಿಸೋಣ ಅಂತ ಬರುವ ಅಣ್ಣಂದಿರೂ ಇದ್ದಾರೆ. ಟೆಸ್ಟಿನಲ್ಲಿ 8ರ ಆಕಾರದ ಗೆರೆಯೊಳಗೆ ಕಾಲು ಊರದೆ ಗಾಡಿ ಓಡಿಸಬೇಕು, ಅದಕ್ಕೇ ಎಂಟು ಹಾಕುವುದು ಅನ್ನುತ್ತಾರೆ. ಎಲ್ಲರ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಉಳಿದದ್ದು ಆಮೇಲೆ.

## ಅರ್ಜಿ ಹಾಕುವ ಮೊದಲು

ನೇರವಾಗಿ ಡಿಎಲ್ ಟೆಸ್ಟ್‌ಗೆ ಹೋಗಬಹುದಾ? ಎಲ್‌ಎಲ್‌ಆರ್ ಬೇಕೇ ಬೇಕಾ?

ಬೇಕೇ ಬೇಕು. ಎಲ್‌ಎಲ್‌ಆರ್ ಅಂದರೆ ಗಾಡಿ ಕಲಿಯಲು ಮೊದಲು ಕೊಡುವ ಲೈಸೆನ್ಸ್. ಎಲ್‌ಎಲ್‌ಆರ್ ಸಿಕ್ಕ ದಿನದಿಂದ 30 ದಿನ ಕಳೆದ ಮೇಲೆ ಮಾತ್ರ ಟೆಸ್ಟ್ ಕೊಡಬಹುದು. ಎಲ್‌ಎಲ್‌ಆರ್ ಅವಧಿ 6 ತಿಂಗಳು. ಅಂದರೆ ಟೆಸ್ಟ್ ಕೊಡಲು ನಿಮಗಿರುವುದು ಐದು ತಿಂಗಳು. ತುಂಬಾ ಟೈಮಿದೆ ಅಂತ ಜನ ಸುಮ್ಮನಿರುತ್ತಾರೆ. ಕೊನೆಯ ವಾರ ಸ್ಲಾಟ್ ಸಿಗದೆ ಒದ್ದಾಡುತ್ತಾರೆ. ಅವಧಿ ಮುಗಿದರೆ ಮತ್ತೆ ಹೊಸ ಎಲ್‌ಎಲ್‌ಆರ್, ಮತ್ತೆ 30 ದಿನ ಕಾಯುವುದು. ಎರಡನೇ ತಿಂಗಳಲ್ಲೇ ಸ್ಲಾಟ್ ಬುಕ್ ಮಾಡಿ. ಒಂದು ಸಲ ಫೇಲ್ ಆದರೂ ಇನ್ನೊಂದು ಸಲ ಹೋಗಲು ದಿನ ಉಳಿದಿರುತ್ತದೆ.

ಮಗಳಿಗೆ 16 ತುಂಬಿತು. ಸ್ಕೂಟರ್‌ಗೆ ಲೈಸೆನ್ಸ್ ಸಿಗುತ್ತಲ್ವಾ?

16ಕ್ಕೆ ಸಿಗುವುದು ಗೇರ್ ಇಲ್ಲದ, 50 ಸಿಸಿ ದಾಟದ ಗಾಡಿಗೆ ಮಾತ್ರ. ಅದಕ್ಕೂ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಈಗ ನಾವು ಓಡಿಸುವ ಪೆಟ್ರೋಲ್ ಸ್ಕೂಟರ್‌ಗಳು 110, 125 ಸಿಸಿಯವು. ಅವಕ್ಕೆ 18 ತುಂಬಲೇಬೇಕು.

ಟ್ಯೂಷನ್ ಇಲ್ಲೇ ಪಕ್ಕದ ರಸ್ತೇಲಿ ಅಲ್ವಾ ಅಂತ ಕೇಳುವ ಅಮ್ಮಂದಿರಿಗೆ ಕಾನೂನು ಬಿಡಿಸಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪಿಗೆ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ. ದಯವಿಟ್ಟು ಎರಡು ವರ್ಷ ತಡೆಯಿರಿ. ಅಲ್ಲಿಯವರೆಗೆ ಸೈಕಲ್ ಚೆನ್ನಾಗಿ ಓಡಿಸಲಿ. ಸೈಕಲ್ ಬರುವವರು ನನ್ನ ಹತ್ತಿರ ಬೇಗ ಗಾಡಿ ಕಲಿಯುತ್ತಾರೆ.

ನನ್ನ ಹತ್ರ ಸ್ಕೂಟಿ ಮಾತ್ರ ಇದೆ ಅಕ್ಕಾ. ಅದರಲ್ಲೇ ಟೆಸ್ಟ್ ಕೊಟ್ರೆ ಬೈಕೂ ಓಡಿಸಬಹುದಾ?

ಇಲ್ಲ. ಯಾವ ತರಹದ ಗಾಡಿಗೆ ಅರ್ಜಿ ಹಾಕಿದ್ದೀರೋ ಅದರಲ್ಲೇ ಟೆಸ್ಟ್. ಗೇರ್ ಇಲ್ಲದ ಗಾಡಿಯಲ್ಲಿ ಪಾಸಾದರೆ ಗೇರ್ ಇಲ್ಲದ ಗಾಡಿಗಷ್ಟೇ ಲೈಸೆನ್ಸ್. ಗೇರ್ ಬೈಕಿನಲ್ಲಿ ಪಾಸಾದವರು ಸ್ಕೂಟರನ್ನೂ ಓಡಿಸಬಹುದು. ಅದಕ್ಕೇ ಯಾರಾದರೂ ಕೇಳಿದರೆ, ಇನ್ನೊಂದು ತಿಂಗಳು ತಡವಾದರೂ ಪರವಾಗಿಲ್ಲ, ಗೇರ್ ಬೈಕ್ ಕಲಿತೇ ಅರ್ಜಿ ಹಾಕಿ ಅನ್ನುತ್ತೇನೆ. ಆಮೇಲೆ ಸೇರಿಸೋಣ ಅಂದುಕೊಂಡವರು ಸೇರಿಸಿದ್ದನ್ನು ನಾನು ನೋಡಿದ್ದು ಕಡಿಮೆ.

ಎಲೆಕ್ಟ್ರಿಕ್ ಸ್ಕೂಟರ್‌ಗೆ ಲೈಸೆನ್ಸ್ ಬೇಡ ಅಂತಾರಲ್ಲ?

ಎಲ್ಲದಕ್ಕೂ ಅಲ್ಲ. ಮೋಟಾರ್ 250 ವ್ಯಾಟ್ ಒಳಗಿದ್ದು, ಗಂಟೆಗೆ 25 ಕಿಲೋಮೀಟರ್‌ಗಿಂತ ಜಾಸ್ತಿ ಓಡದ ಗಾಡಿಗೆ ಮಾತ್ರ ಬೇಡ. ನಂಬರ್ ಪ್ಲೇಟ್ ಇರುವ, ಪೆಟ್ರೋಲ್ ಗಾಡಿಯ ಸಮಕ್ಕೆ ಓಡುವ ಎಲೆಕ್ಟ್ರಿಕ್ ಸ್ಕೂಟರ್‌ಗೆ ಲೈಸೆನ್ಸ್ ಬೇಕು.

ನಾನು ಕಲಬುರಗಿಯವನು, ಕೆಲಸ ಬೆಂಗಳೂರಲ್ಲಿ. ಟೆಸ್ಟ್‌ಗೆ ಊರಿಗೇ ಹೋಗಬೇಕಾ?

ಬೇಕಿಲ್ಲ. ಮೊದಲು ನಿಮ್ಮ ವ್ಯಾಪ್ತಿಯ ಆರ್‌ಟಿಒಗೇ ಹೋಗಬೇಕಿತ್ತು. 2019ರ ತಿದ್ದುಪಡಿ ಆದ ಮೇಲೆ ನೀವು ವಾಸವಿರುವ ರಾಜ್ಯದ ಯಾವ ಆರ್‌ಟಿಒದಲ್ಲಾದರೂ ಅರ್ಜಿ ಹಾಕಬಹುದು. ಲೈಸೆನ್ಸಿನ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ಆರ್‌ಟಿಒ ಆರಿಸುವಾಗ ಮಾತ್ರ ಸರಿಯಾಗಿ ನೋಡಿ. ಆತುರದಲ್ಲಿ ಬೇರೆ ಊರಿನ ಹೆಸರು ಒತ್ತಿ ಪೇಚಾಡಿದವರಿದ್ದಾರೆ.

ಒಟ್ಟು ಎಷ್ಟು ದುಡ್ಡಾಗುತ್ತೆ? ಏಜೆಂಟ್ ಇಲ್ಲದೆ ಆಗುತ್ತಾ?

ಕೇಂದ್ರದ ನಿಯಮದ ಪ್ರಕಾರ ಎಲ್‌ಎಲ್‌ಆರ್‌ಗೆ ಒಂದು ವರ್ಗಕ್ಕೆ 150 ರೂಪಾಯಿ, ಅದರ ಪರೀಕ್ಷೆಗೆ 50. ಡಿಎಲ್ ಟೆಸ್ಟ್‌ಗೆ ಒಂದು ವರ್ಗಕ್ಕೆ 300, ಲೈಸೆನ್ಸ್ ಕೊಡಲು 200. ಇದರ ಮೇಲೆ ಕಾರ್ಡಿನ ಖರ್ಚು ಸೇರುತ್ತದೆ. ಬೈಕ್, ಕಾರು ಎರಡಕ್ಕೂ ಒಟ್ಟಿಗೆ ಹಾಕಿದರೆ ಟೆಸ್ಟ್ ಶುಲ್ಕ ಎರಡು ಸಲ.

ಏಜೆಂಟ್ ಇಲ್ಲದೆ ಖಂಡಿತ ಆಗುತ್ತದೆ. ಅರ್ಜಿ, ಶುಲ್ಕ, ಸ್ಲಾಟ್ ಎಲ್ಲಾ ಮೊಬೈಲಿನಲ್ಲೇ ಆಗುತ್ತದೆ. ಆಧಾರ್ ಮೂಲಕ ಹಾಕಿದರೆ ಎಲ್‌ಎಲ್‌ಆರ್ ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯಬಹುದು. ಒಂದು ಕಚೇರಿಯ ಗೇಟಿನ ಹೊರಗೆ ನನ್ನನ್ನೂ ಒಬ್ಬರು ತಡೆದು, ಇಷ್ಟು ಕೊಟ್ಟರೆ ಎಂಟು ಹಾಕೋದೇ ಬೇಡ ಅಂದಿದ್ದರು. ನನಗೆ ಆಗ ಭಯ ಇತ್ತು, ದುಡ್ಡೂ ಕೈಯಲ್ಲಿತ್ತು. ಆದರೂ ಕೊಡಲಿಲ್ಲ. ಎಂಟು ಹಾಕಲು ಬಾರದವಳು ಸಂತೆ ದಿನ ರಸ್ತೆಯಲ್ಲಿ ಏನು ಮಾಡುತ್ತಿದ್ದಳು? ಈ ಕಲಿಕೆ ನಿಮ್ಮ ಮೈ ಉಳಿಸಲು ಇರುವುದು. ಅದನ್ನು ದುಡ್ಡು ಕೊಟ್ಟು ತಪ್ಪಿಸಿಕೊಳ್ಳಬೇಡಿ.

ನನಗೆ 42. ಡಾಕ್ಟರ್ ಸರ್ಟಿಫಿಕೇಟ್ ಬೇಕಂತೆ?

ಹೌದು, 40 ದಾಟಿದವರು ಡಾಕ್ಟರಿಂದ ಫಾರ್ಮ್ 1ಎ ತುಂಬಿಸಬೇಕು. ಕಣ್ಣಿನ ಪರೀಕ್ಷೆಯನ್ನು ನಿಜವಾಗಿಯೂ ಮಾಡಿಸಿಕೊಳ್ಳಿ. ಕನ್ನಡಕ ಬದಲಿಸಿದ ಮೇಲೆ, ಇಷ್ಟು ದಿನ ಸಂಜೆ ಹೊತ್ತು ಅಂದಾಜಿನ ಮೇಲೆ ಓಡಿಸುತ್ತಿದ್ದೆ ಅಂತ ಹೇಳಿದವರು ಇಬ್ಬರಿದ್ದಾರೆ.

## ಮೈದಾನದಲ್ಲಿ

ಎಲ್‌ಎಲ್‌ಆರ್ ಇದೆಯಲ್ಲ, ಒಬ್ಬಳೇ ಪೇಟೆಗೆ ಹೋಗಿಬರಲಾ?

ಬೇಡ. ಎಲ್‌ಎಲ್‌ಆರ್ ಇದ್ದಾಗ ಡಿಎಲ್ ಇರುವ, ಕಲಿಸುವವರೊಬ್ಬರು ಜೊತೆಗಿರಬೇಕು. ಹಿಂದಿನ ಸೀಟಿನಲ್ಲಿ ಅವರನ್ನು ಬಿಟ್ಟು ಬೇರೆ ಯಾರನ್ನೂ ಕೂರಿಸುವಂತಿಲ್ಲ. ತಂಗಿಯನ್ನು ಕಾಲೇಜಿಗೆ ಬಿಡುವುದು, ಅಮ್ಮನನ್ನು ದೇವಸ್ಥಾನಕ್ಕೆ ಕರೆದೊಯ್ಯುವುದು ಆಮೇಲೆ. ಟೆಸ್ಟ್‌ಗೆ ಹೋಗುವ ದಾರಿಗೂ ಇದೇ ನಿಯಮ.

ಗಾಡಿಯ ಮುಂದೆ, ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್ ಇರಬೇಕು. ಹಲಗೆ ಕನಿಷ್ಠ 18 ಸೆಂಟಿಮೀಟರ್ ಚೌಕ, ಅಕ್ಷರ 10 ಸೆಂಟಿಮೀಟರ್ ಎತ್ತರ. ನಾಚಿಕೆಯಿಂದ ಸಣ್ಣ ಸ್ಟಿಕ್ಕರ್ ಅಂಟಿಸುತ್ತಾರೆ. ದೊಡ್ಡದೇ ಹಾಕಿ. ಹಿಂದಿನ ಬಸ್ಸಿನವರಿಗೆ ಕಂಡರೆ ತಾನೇ ಅವರು ಸ್ವಲ್ಪ ಜಾಗ ಬಿಡುವುದು?

ಎಂಟು ಹಾಕೋವಾಗ ಗಾಡಿ ಗೆರೆ ಬಿಟ್ಟು ಹೊರಗೇ ಹೋಗುತ್ತೆ. ಏನ್ ತಪ್ಪು ಮಾಡ್ತಿದೀನಿ?

ಮುಂದಿನ ಚಕ್ರ ನೋಡುತ್ತಿದ್ದೀರಿ. ಹತ್ತರಲ್ಲಿ ಎಂಟು ಜನ ಇದನ್ನೇ ಮಾಡುತ್ತಾರೆ. ನಾನು ಮೊದಲ ಸಲ ಫೇಲ್ ಆಗಿದ್ದೂ ಇದರಿಂದಲೇ.

ರಂಗೋಲಿ ಎಳೆ ಎಳೆಯುವಾಗ ಬೆರಳು ನೋಡುತ್ತೇವಾ? ಮುಂದಿನ ಚುಕ್ಕಿ ನೋಡುತ್ತೇವೆ, ಕೈ ತಾನೇ ಅಲ್ಲಿಗೆ ಹೋಗುತ್ತದೆ. ಗಾಡಿಯೂ ಹಾಗೇ. ಕಣ್ಣು ಹೋದ ಕಡೆ ಹೋಗುತ್ತದೆ. ನೆಲ ನೋಡಿದರೆ ತಲೆ ಬಾಗುತ್ತದೆ, ಭುಜ ಬಿಗಿಯಾಗುತ್ತದೆ, ಹ್ಯಾಂಡಲ್ ಹಿಡಿದ ಕೈ ಮರಗಟ್ಟುತ್ತದೆ. ಕಲ್ಲು ನೋಡಿದರೆ ಸೀದಾ ಕಲ್ಲಿನ ಮೇಲೇ ಹೋಗುತ್ತೀರಿ. ತಿರುವಿನ ಅರ್ಧ ದಾರಿಯಲ್ಲಿ ಇದ್ದಾಗಲೇ ಕತ್ತು ತಿರುಗಿಸಿ, ತಿರುವು ಎಲ್ಲಿ ಮುಗಿಯುತ್ತದೋ ಅಲ್ಲಿ ಕಣ್ಣಿಡಿ. ಕಣ್ಣು ಮಾತ್ರ ಹೊರಳಿಸಿದರೆ ಸಾಲದು, ಗಲ್ಲ ಭುಜದ ಕಡೆ ಬರಬೇಕು.

ಎರಡನೆಯ ಸಂಗತಿ ಮೈ. ಜೋರಾಗಿ ಹೋಗುವಾಗ ಗಾಡಿ ಜೊತೆ ನಾವೂ ವಾಲುತ್ತೇವೆ. ಎಂಟರಲ್ಲಿ ವೇಗ ತೀರಾ ಕಡಿಮೆ. ಇಲ್ಲಿ ಗಾಡಿಯನ್ನು ಒಳಕ್ಕೆ ವಾಲಲು ಬಿಟ್ಟು ನೀವು ನೆಟ್ಟಗೆ ಕೂರಬೇಕು. ಎಡಕ್ಕೆ ತಿರುಗುವಾಗ ಬಲಗಾಲಿನ ಫುಟ್‌ರೆಸ್ಟ್ ಮೇಲೆ ಸ್ವಲ್ಪ ಭಾರ ಹಾಕಿ, ಬಲಕ್ಕಾದರೆ ಎಡಗಾಲಿನ ಮೇಲೆ. ಅಷ್ಟರಲ್ಲೇ ತಿರುವು ಬಿಗಿಯಾಗುತ್ತದೆ. ಮೊಣಕಾಲು ಟ್ಯಾಂಕಿಗೆ ಒತ್ತಿರಲಿ, ಕೈ ಸಡಿಲ ಇರಲಿ.

ಮೂರನೆಯದು ಎಂಟಿನ ನಡು. ಎರಡು ಸೊನ್ನೆ ಸೇರುವ ಜಾಗದಲ್ಲಿ ಹ್ಯಾಂಡಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಬೇಕು. ಅಲ್ಲಿ ಎರಡು ಮಾರು ಸೀದಾ ಹೋಗಿ, ಆಮೇಲೆ ತಿರುಗಿ. ನಡುವಿನಲ್ಲೇ ತಿರುಗಲು ಹೋದವರು ಆಚೆ ಸೊನ್ನೆಯಲ್ಲಿ ಹೊರಗೆ ಬೀಳುತ್ತಾರೆ.

ಅಭ್ಯಾಸಕ್ಕೆ ನಾನು ಎರಡು ಹಳೇ ಬಕೆಟ್ ಇಡುತ್ತೇನೆ. ಮೊದಲು ಹದಿನೈದು ಹೆಜ್ಜೆ ದೂರ, ಆಮೇಲೆ ಹನ್ನೆರಡು, ಆಮೇಲೆ ಹತ್ತು. ಒಂದು ದೂರದಲ್ಲಿ ಕಾಲು ಊರದೆ ಹತ್ತು ಸುತ್ತು ಆದ ಮೇಲೆ ಮಾತ್ರ ಹತ್ತಿರ ತರುವುದು.

ಹಾಫ್ ಕ್ಲಚ್ ಅಂದ್ರೆ ಏನು? ನಂದು ಆಗಾಗ ಆಫ್ ಆಗುತ್ತೆ.

ಕ್ಲಚ್ ಲಿವರನ್ನು ನಿಧಾನವಾಗಿ ಬಿಡುತ್ತಾ ಬನ್ನಿ. ಒಂದು ಜಾಗದಲ್ಲಿ ಇಂಜಿನ್ ಸದ್ದು ಸ್ವಲ್ಪ ಇಳಿದು ಗಾಡಿ ಮೆಲ್ಲಗೆ ಸರಿಯುತ್ತದೆ. ಅದೇ ಹಾಫ್ ಕ್ಲಚ್. ಒಳಗಿನ ಪ್ಲೇಟುಗಳು ಅಲ್ಲಿ ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತವೆ. ಅದಕ್ಕೇ ಇಂಜಿನ್ ಆಫ್ ಆಗದೆ ನಡಿಗೆಯ ವೇಗದಲ್ಲಿ ಹೋಗಬಹುದು.

ಎಂಟು ಪೂರ್ತಿ ಫಸ್ಟ್ ಗೇರಿನಲ್ಲಿ. ಆಕ್ಸಿಲರೇಟರ್ ಒಂದೇ ಸಮ, ತುಸುವೇ. ವೇಗವನ್ನು ಕ್ಲಚ್ಚಿನಿಂದಲೂ ಹಿಂದಿನ ಬ್ರೇಕಿನಿಂದಲೂ ಹಿಡಿತದಲ್ಲಿಡಿ. ಗಾಡಿ ಬೀಳುವಂತೆ ಅನ್ನಿಸಿದಾಗ ಎಲ್ಲರೂ ಕ್ಲಚ್ ಪೂರ್ತಿ ಒತ್ತಿಬಿಡುತ್ತಾರೆ. ಆಗ ಚಕ್ರಕ್ಕೆ ಎಳೆತ ತಪ್ಪಿ ಗಾಡಿ ನಿಜವಾಗಿಯೂ ಬೀಳುತ್ತದೆ. ಬೀಳುತ್ತದೆ ಅನ್ನಿಸಿದರೆ ಕ್ಲಚ್ ಕೂದಲೆಳೆಯಷ್ಟು ಬಿಡಿ. ಗಾಡಿ ತಾನೇ ಎದ್ದು ನಿಲ್ಲುತ್ತದೆ. ಇದನ್ನು ನಂಬಲು ಎರಡು ದಿನ ಬೇಕು.

ಸ್ಕೂಟರ್‌ಗೆ ಕ್ಲಚ್ಚೇ ಇಲ್ವಲ್ಲ, ಹಾಗಾದ್ರೆ?

ಅಲ್ಲಿ ಕ್ಲಚ್ಚಿನ ಕೆಲಸವನ್ನು ಎಡಗೈ ಬ್ರೇಕ್ ಮಾಡುತ್ತದೆ. ಆಕ್ಸಿಲರೇಟರ್ ತುಸು ಕೊಟ್ಟು, ಎಡಗೈ ಬ್ರೇಕನ್ನು ಎರಡು ಬೆರಳಲ್ಲಿ ಮೆತ್ತಗೆ ಹಿಡಿದು ಹೋಗಿ. ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಎಳೆತ ತಪ್ಪುತ್ತದೆ, ಮತ್ತೆ ಕೊಟ್ಟಾಗ ಗಾಡಿ ಹಾರುತ್ತದೆ. ಒಂದು ಎಚ್ಚರಿಕೆ ಇದೆ. 2019ರ ಏಪ್ರಿಲ್ ನಂತರದ 125 ಸಿಸಿವರೆಗಿನ ಗಾಡಿಗಳಲ್ಲಿ ಸಿಬಿಎಸ್ (ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ) ಅಥವಾ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಸಿಬಿಎಸ್ ಇರುವ ಸ್ಕೂಟರ್‌ನಲ್ಲಿ ಎಡಗೈ ಬ್ರೇಕ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಹಾಗಾಗಿ ಹಗುರವಾಗಿ ಒತ್ತಿ.

ಮುಂದಿನ ಬ್ರೇಕ್ ಹಿಡಿಯಲೇಬಾರದಾ?

ಎಂಟರ ತಿರುವಿನಲ್ಲಿ ಹಿಡಿಯಬೇಡಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಚಕ್ರ ತಟ್ಟನೆ ನಿಂತರೆ ಗಾಡಿ ಒಳಕ್ಕೆ ಉರುಳುತ್ತದೆ. ಆದರೆ ರಸ್ತೆಯಲ್ಲಿ ಸೀದಾ ಹೋಗುವಾಗ ಗಾಡಿ ನಿಲ್ಲಿಸುವ ಶಕ್ತಿ ಜಾಸ್ತಿ ಇರುವುದೇ ಮುಂದಿನ ಬ್ರೇಕಿಗೆ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬರುತ್ತದೆ, ಮುಂದಿನ ಟೈರು ನೆಲ ಕಚ್ಚಿ ಹಿಡಿಯುತ್ತದೆ. ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿ ಅಂತ ಹೆದರಿಸಿ ಕಲಿಸುವವರಿದ್ದಾರೆ. ಅದನ್ನು ನಂಬಿದವರಿಗೆ ನಾಯಿ ಅಡ್ಡ ಬಂದಾಗ ಗಾಡಿ ನಿಲ್ಲಿಸಲು ಆಗುವುದಿಲ್ಲ. ಎರಡೂ ಬ್ರೇಕ್ ಒಟ್ಟಿಗೆ, ಹಿಂಡುವ ಹಾಗೆ ಒತ್ತಿ.

ನಾನು ಕುಳ್ಳಿ. ಕಾಲು ಪೂರ್ತಿ ನೆಲಕ್ಕೆ ತಾಗಲ್ಲ.

ಎರಡೂ ಪಾದ ತಾಗಬೇಕಿಲ್ಲ. ಸೀಟಿನ ಮೇಲೆ ಸ್ವಲ್ಪ ಎಡಕ್ಕೆ ಸರಿದು ಎಡಪಾದ ಒಂದನ್ನೇ ಗಟ್ಟಿಯಾಗಿ ಊರಿ. ಬಲಗಾಲು ಬ್ರೇಕ್ ಮೇಲೇ ಇರಲಿ. ಟೆಸ್ಟ್‌ಗೆ ಸೀಟ್ ತಗ್ಗಿರುವ ಗಾಡಿ ಆರಿಸಿಕೊಳ್ಳಿ. ಅಣ್ಣನ ದೊಡ್ಡ ಬೈಕೇ ಬೇಕು ಅನ್ನುವ ಹಟ ಆ ದಿನ ಬೇಡ.

ಕೈ ಸನ್ನೆ ಕೇಳ್ತಾರಾ?

ಕೇಳಬಹುದು. ಎಲ್ಲಾ ಸನ್ನೆಯೂ ಬಲಗೈಯಲ್ಲೇ. ಬಲಕ್ಕೆ ತಿರುಗಲು ಕೈ ನೇರ ಚಾಚಿ ಅಂಗೈ ಮುಂದಕ್ಕೆ. ಎಡಕ್ಕೆ ತಿರುಗಲು ಚಾಚಿದ ಕೈಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿಸಿ. ನಿಧಾನ ಮಾಡಲು ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿ. ನಿಲ್ಲಿಸಲು ಮುಂಗೈ ಮೇಲಕ್ಕೆತ್ತಿ. ಎಡಕ್ಕೆ ಅಂತ ಎಡಗೈ ತೋರಿಸುವುದೇ ಎಲ್ಲರೂ ಮಾಡುವ ತಪ್ಪು. ಬಲಗೈ ಬಿಟ್ಟರೆ ಆಕ್ಸಿಲರೇಟರ್ ಕೂಡ ಬಿಟ್ಟಂತೆ, ಆದ್ದರಿಂದ ಮೈದಾನದಲ್ಲಿ ಸೀದಾ ಹೋಗುತ್ತಾ ಅಭ್ಯಾಸ ಮಾಡಿ.

## ಟೆಸ್ಟ್ ದಿನ

ಏನೇನು ತಗೊಂಡು ಹೋಗಬೇಕು? ಫ್ರೆಂಡ್ ಗಾಡಿ ಆಗುತ್ತಾ?

ಎಲ್‌ಎಲ್‌ಆರ್, ಅರ್ಜಿ ಮತ್ತು ಸ್ಲಾಟಿನ ಪ್ರಿಂಟ್, ಆಧಾರ್. ಗಾಡಿಯದು ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್. ಗಾಡಿ ಯಾರದ್ದಾದರೂ ಆಗುತ್ತದೆ, ದಾಖಲೆ ಸರಿ ಇರಬೇಕು ಅಷ್ಟೇ. ಹಿಂದಿನ ದಿನ ರಾತ್ರಿಯೇ ಇನ್ಶೂರೆನ್ಸ್ ದಿನಾಂಕ ನೋಡಿ. ಎರಡೂ ಕನ್ನಡಿ, ಇಂಡಿಕೇಟರ್, ಬ್ರೇಕ್ ಲೈಟ್, ಹಾರ್ನ್ ಕೆಲಸ ಮಾಡಬೇಕು. ಕನ್ನಡಿ ಬಿಚ್ಚಿಟ್ಟ ಹುಡುಗರೇ, ದಯವಿಟ್ಟು ವಾಪಸ್ ಹಾಕಿ. ಟೆಸ್ಟ್ ಆದ ಮೇಲೂ ಬಿಚ್ಚಬೇಡಿ.

ಐಎಸ್‌ಐ ಗುರುತಿನ ಹೆಲ್ಮೆಟ್ ಬೇಕು, ಪಟ್ಟಿ ಬಿಗಿದಿರಬೇಕು. ಜೊತೆಗೆ ಬರುವವರಿಗೂ ಒಂದು ಬೇಕು.

ಸೀರೆಯಲ್ಲಿ ಹೋದ್ರೆ ಬೇಡ ಅಂತಾರಾ?

ಸೀರೆ ಉಡಬಾರದು ಅನ್ನುವ ನಿಯಮ ಇಲ್ಲ. ನಮ್ಮಲ್ಲಿ ಸೀರೆಯಲ್ಲೇ ಪಾಸಾದವರಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಪಿನ್ ಹಾಕಿ, ದುಪಟ್ಟಾ ಆದರೆ ಹಿಂದೆ ಗಂಟು ಹಾಕಿ. ಹಿಂದಿನ ಚಕ್ರಕ್ಕೆ ಸೀರೆ ಗಾರ್ಡ್ ಇರಲಿ, ನಿಯಮದಲ್ಲೂ ಅದು ಬೇಕು. ಹವಾಯಿ ಚಪ್ಪಲಿ ಮಾತ್ರ ಬೇಡ. ಬ್ರೇಕ್ ಮೇಲೆ ಜಾರುತ್ತದೆ.

ಬ್ರೇಕ್ ಇನ್ಸ್‌ಪೆಕ್ಟರ್ ಮುಖ್ಯವಾಗಿ ಏನು ನೋಡ್ತಾರೆ?

ಬ್ರೇಕ್ ಇನ್ಸ್‌ಪೆಕ್ಟರ್ ಅಂದರೆ ಟೆಸ್ಟ್ ತೆಗೆದುಕೊಳ್ಳುವ ಆರ್‌ಟಿಒ ಅಧಿಕಾರಿ. ಕಾಲು ಊರುತ್ತೀರಾ, ಗೆರೆ ದಾಟುತ್ತೀರಾ ಅನ್ನುವುದು ಮೊದಲು. ಆದರೆ ಅವರು ನೋಡುವುದು ನೀವು ಗಾಡಿ ಹತ್ತುವಾಗಿನಿಂದಲೇ. ಸ್ಟ್ಯಾಂಡ್ ತೆಗೆದಿರಾ? ಹೊರಡುವ ಮುಂಚೆ ಕನ್ನಡಿ ನೋಡಿ, ತಲೆ ತಿರುಗಿಸಿ ಹಿಂದೆ ನೋಡಿದಿರಾ? ಇಂಡಿಕೇಟರ್ ಹಾಕಿ ಆಮೇಲೆ ಆಫ್ ಮಾಡಿದಿರಾ? ಹೇಳಿದ ಕಡೆ ನಿಲ್ಲಿಸಿದಿರಾ? ಹೆಸರು ಕರೆದಾಗ ಓಡಿಹೋಗಬೇಡಿ. ಹತ್ತಿ, ಕೂತು, ಒಂದು ಉಸಿರು ಎಳೆದು ಹೊರಡಿ. ಏನು ಹೇಳಿದರು ಅಂತ ಗೊತ್ತಾಗದಿದ್ದರೆ, ಸರ್, ಇನ್ನೊಂದು ಸಲ ಹೇಳ್ತೀರಾ ಅಂತ ಕೇಳಿ. ಕೇಳಿದ್ದಕ್ಕೆ ಯಾರೂ ಫೇಲ್ ಮಾಡುವುದಿಲ್ಲ.

ಸೆನ್ಸರ್ ಇರೋ ಟ್ರ್ಯಾಕ್ ಕಷ್ಟ ಅಂತಾರೆ, ನಿಜಾನಾ?

ಬೆಂಗಳೂರಿನ ಜ್ಞಾನಭಾರತಿ ಆರ್‌ಟಿಒದಂಥ ಕಡೆ ಇಂಥ ಟ್ರ್ಯಾಕ್ ಇದೆ. ಅಲ್ಲಿ ಕ್ಯಾಮೆರಾ, ಸೆನ್ಸರ್ ಲೆಕ್ಕ ಇಡುತ್ತವೆ. ಮನುಷ್ಯ ಒಮ್ಮೊಮ್ಮೆ ಬಿಡಬಹುದಾದ ಸಣ್ಣ ತಪ್ಪನ್ನು ಅವು ಬಿಡುವುದಿಲ್ಲ. ಆದರೆ ಅಲ್ಲಿ ಯಾರ ಶಿಫಾರಸೂ ನಡೆಯುವುದಿಲ್ಲ. ಅದು ನನಗೆ ಇಷ್ಟ. ಬೇಗ ಹೋಗಿ ಬೇರೆಯವರು ಹೇಗೆ ಹೋಗುತ್ತಾರೆ, ಎಲ್ಲಿ ಎಡವುತ್ತಾರೆ ಅಂತ ನಾಲ್ಕೈದು ಜನರನ್ನು ನೋಡಿ.

ಮಳೆ ಬಂದ್ರೆ?

ನಮ್ಮ ಮಲೆನಾಡಿನಲ್ಲಿ ಜೂನ್ ಬಂತೆಂದರೆ ಇದೇ ಪ್ರಶ್ನೆ. ಟೈರಿನ ಗಾಳಿ ಸರಿಯಾಗಿರಲಿ, ಬಿಳಿ ಬಣ್ಣದ ಗೆರೆ ಮೇಲೆ ಚಕ್ರ ಹೋಗದಂತೆ ನೋಡಿ, ಒದ್ದೆಯಲ್ಲಿ ಅದು ಜಾರುತ್ತದೆ. ರೇನ್‌ಕೋಟ್ ಹಾಕಿಕೊಂಡೇ ಒಂದು ದಿನ ಅಭ್ಯಾಸ ಮಾಡಿ. ತೋಳು ಬಿಗಿಯಾಗಿ ಹ್ಯಾಂಡಲ್ ಪೂರ್ತಿ ತಿರುಗದ ರೇನ್‌ಕೋಟ್‌ಗಳಿವೆ.

## ಟೆಸ್ಟ್ ಆದ ಮೇಲೆ

ಫೇಲ್ ಆದೆ. ಮತ್ತೆ ಯಾವಾಗ?

7 ದಿನ ಕಳೆದ ಮೇಲೆ ಮತ್ತೆ ಸ್ಲಾಟ್ ತೆಗೆದುಕೊಳ್ಳಬಹುದು. ಟೆಸ್ಟ್ ಶುಲ್ಕ ಮತ್ತೆ ಕಟ್ಟಬೇಕು. ಮೂರು ಸಲ ಫೇಲ್ ಆದರೆ ಕೊನೆಯ ಟೆಸ್ಟಿನಿಂದ 60 ದಿನ ಕಾಯಬೇಕು. ನಿಮ್ಮ ಎಲ್‌ಎಲ್‌ಆರ್ ಯಾವಾಗ ಮುಗಿಯುತ್ತದೆ ಅಂತ ಆ ದಿನವೇ ಲೆಕ್ಕ ಹಾಕಿ. ಎಲ್ಲಿ ತಪ್ಪಾಯಿತು ಅಂತ ಇನ್ಸ್‌ಪೆಕ್ಟರನ್ನೇ ಕೇಳಿಕೊಂಡು ಬನ್ನಿ. ಮನೆಗೆ ಬರುವಷ್ಟರಲ್ಲಿ ನೆನಪು ಬೇರೆಯಾಗಿರುತ್ತದೆ.

ಪಾಸಾದೆ! ಕಾರ್ಡ್ ಬರೋವರೆಗೆ ಏನು ತೋರಿಸಲಿ? ಎಷ್ಟು ವರ್ಷ ನಡೆಯುತ್ತೆ?

ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಡಿಎಲ್ ನಂಬರ್ ಬಂದ ಮೇಲೆ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ತೋರಿಸಿದರೆ ಸಾಕು. ಅದಕ್ಕೂ ಕಾರ್ಡಿನಷ್ಟೇ ಬೆಲೆ. 30 ವರ್ಷದ ಒಳಗೆ ಮಾಡಿಸಿದರೆ 40 ತುಂಬುವವರೆಗೆ ನಡೆಯುತ್ತದೆ. 30ರಿಂದ 50ರ ಒಳಗಾದರೆ 10 ವರ್ಷ. 50ರಿಂದ 55ರ ಒಳಗಾದರೆ 60 ಆಗುವವರೆಗೆ. ಆಮೇಲೆ 5 ವರ್ಷಕ್ಕೊಮ್ಮೆ.

ಡ್ರೈವಿಂಗ್ ಸ್ಕೂಲ್ ಸರ್ಟಿಫಿಕೇಟ್ ಇದ್ರೆ ಟೆಸ್ಟ್ ಬೇಡ ಅಲ್ವಾ?

ಮಾಮೂಲಿ ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್‌ಗೆ ಆ ವಿನಾಯಿತಿ ಇಲ್ಲ. 2021ರ ನಿಯಮದಡಿ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರದಲ್ಲಿ ಕಲಿತು ಪಾಸಾದವರಿಗೆ ಮಾತ್ರ ಆರ್‌ಟಿಒ ಟೆಸ್ಟ್ ಇಲ್ಲ. ದುಡ್ಡು ಕಟ್ಟುವ ಮೊದಲು ಆ ಮಾನ್ಯತೆ ಪತ್ರ ತೋರಿಸಿ ಅಂತ ಕೇಳಿ.

ನನಗೆ ಒಂದು ಕಾಲು ಪೋಲಿಯೋ. ಅಣ್ಣನಿಗೆ ಬಣ್ಣ ಸರಿಯಾಗಿ ಗೊತ್ತಾಗಲ್ಲ. ನಮಗೆ ಸಿಗುತ್ತಾ?

ಸಿಗುತ್ತದೆ. ಪಕ್ಕಕ್ಕೆ ಎರಡು ಚಕ್ರ ಹಾಕಿ ಮಾರ್ಪಡಿಸಿದ ಸ್ಕೂಟರ್ ಆರ್‌ಸಿಯಲ್ಲಿ ಹಾಗೆಂದು ದಾಖಲಾಗಿರಬೇಕು. ಟೆಸ್ಟ್ ಅದರಲ್ಲೇ ಕೊಡಬಹುದು, ಲೈಸೆನ್ಸೂ ಮಾರ್ಪಡಿಸಿದ ವಾಹನಕ್ಕೆ ಅಂತ ಬರುತ್ತದೆ. ಬಣ್ಣದ ವಿಷಯಕ್ಕೆ ಬಂದರೆ, ಅಲ್ಪ ಅಥವಾ ಮಧ್ಯಮ ಪ್ರಮಾಣದ ತೊಂದರೆ ಇರುವವರಿಗೂ ಲೈಸೆನ್ಸ್ ಕೊಡಬಹುದು ಅಂತ 2020ರಲ್ಲಿ ನಿಯಮ ಬದಲಾಗಿದೆ. ಡಾಕ್ಟರ್ ಪತ್ರ ಬೇಕು.

ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದೀನಮ್ಮಾ. ನನಗೂ ಅಭ್ಯಾಸ ಬೇಕಾ?

ನಿಮಗೇ ಜಾಸ್ತಿ ಬೇಕು ಅಣ್ಣಾ. ಹೊಸಬರಿಗೆ ಕಲಿಯುವುದಷ್ಟೇ ಕೆಲಸ, ನಿಮಗೆ ಮರೆಯುವ ಕೆಲಸವೂ ಇದೆ. ನಿಧಾನ ಆದ ತಕ್ಷಣ ಕಾಲು ಕೆಳಗಿಳಿಸುವ ಅಭ್ಯಾಸ, ಒಂದೇ ಬೆರಳಲ್ಲಿ ಕ್ಲಚ್ ಹಿಡಿಯುವ ಅಭ್ಯಾಸ, ಕನ್ನಡಿ ನೋಡದೆ ಬಲಕ್ಕೆ ಎಳೆಯುವ ಅಭ್ಯಾಸ. ಹೋದ ವರ್ಷ ತರಕಾರಿ ವ್ಯಾಪಾರ ಮಾಡುವ ಒಬ್ಬರು ಬಂದಿದ್ದರು. ಕ್ಯಾರಿಯರ್ ತುಂಬಾ ಮೂಟೆ ಕಟ್ಟಿ ದಿನಾ ಮೂವತ್ತು ಕಿಲೋಮೀಟರ್ ಓಡಿಸುವವರು. ಬಕೆಟ್ ಸುತ್ತ ಮೂರು ಸಲ ಕಾಲು ಊರಿದರು, ನಾಲ್ಕನೇ ಸಲ ಗಾಡಿ ನಿಲ್ಲಿಸಿ ಸುಮ್ಮನೆ ಕೂತರು. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು, ಬಕೆಟ್‌ಗಳನ್ನು ತಾವೇ ಇಟ್ಟುಕೊಂಡು ಸುತ್ತುತ್ತಿದ್ದರು.